ಕೂಡಲಸಂಗಮ: ಗುಡಿಯೊಡನೆ ಹೊಳೆಯೂ ಉಳಿಯಬೇಕು





ಕಾರ್ತಿಕ ಮಾಸದಲ್ಲೊಮ್ಮೆ ಶ್ರೀಮಠದ ಭಕ್ತರೊಡನೆ ಕೂಡಲಸಂಗಮಕ್ಕೆ ಹೋಗಿದ್ದೆವು. ಸಂಗಮನಾಥನ ದರ್ಶನ ಮುಗಿಸಿ, ಸೇತುವೆಯ ಮೇಲೆ ನಡೆದು, ಬಾವಿಯಾಕಾರದ ಗೋಡೆಯೊಳಗಿನ ಮೆಟ್ಟಿಲಿಳಿದು ಅಣ್ಣ ಬಸವಣ್ಣನವರ ಐಕ್ಯಲಿಂಗಕ್ಕೆ ಶರಣೆಂದು ಮೇಲೆ ಬಂದೆವು. ಜೊತೆಯಲ್ಲಿದ್ದ ವಯೋವೃದ್ಧ ತಾಯಿಯೊಬ್ಬರು ನೀರಿನತ್ತ ನೋಡುತ್ತಾ, "ಯಪ್ಪಾ, ಎರಡು ಹೊಳಿ ಕೂಡೂದು ಎಲ್ಲಿ? ನನಗ ಒಂದ ನೀರು ಕಾಣಾಕತ್ತೈತಿ" ಎಂದು ಕೇಳಿದರು. ತೋರಿಸಲೆಂದು ಕೈಯೆತ್ತಿದೆ. ಎತ್ತ ತೋರಿಸಬೇಕೆಂಬುದು ನನಗೂ ತಿಳಿಯಲಿಲ್ಲ. ಆ ತಾಯಿಯ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಗಿದೆ.

ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಒಂದಾಗುವ ಕ್ಷೇತ್ರವಿದು. 'ಕೂಡಲ' ಎಂದರೆ ಕೂಡುವ ಸ್ಥಳ. ಅಂದರೆ ಊರಿಗೂ ದೇವರಿಗೂ ಹೆಸರು ಬಂದದ್ದು ಕಲ್ಲಿನ ಕಟ್ಟಡದಿಂದಲ್ಲ, ನೀರಿನ ಕೂಟದಿಂದ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಇದು ಕಪ್ಪಡಿ ಸಂಗಮವೆನಿಸಿದೆ. ಬಾಲಕ ಬಸವಣ್ಣನವರು ಮನೆ ಬಿಟ್ಟು ಬಂದು ವಿದ್ಯೆಯನ್ನೂ ಅನುಭಾವವನ್ನೂ ಪಡೆದದ್ದು ಈ ದಂಡೆಯಲ್ಲಿ. 12ನೆಯ ಶತಮಾನದಲ್ಲಿ ಕಲ್ಯಾಣವು ಕದಡಿದ ಬಳಿಕ ಮರಳಿ ಬಂದು ಐಕ್ಯರಾದದ್ದೂ ಈ ದಂಡೆಯಲ್ಲೇ ಎಂದು ಪರಂಪರೆಯು ನಂಬಿಕೊಂಡು ಬಂದಿದೆ. ಅವರ ಸಾವಿರಕ್ಕೂ ಮಿಕ್ಕ ವಚನಗಳು ಕೂಡಲಸಂಗಮದೇವನ ಅಂಕಿತವನ್ನು ಹೊತ್ತಿವೆ. ಆ ವಚನಗಳನ್ನು ಪಠಿಸುವ ಪ್ರತಿಯೊಬ್ಬರ ನಾಲಗೆಯ ಮೇಲೂ ಪ್ರತಿನಿತ್ಯ ಎರಡು ನದಿಗಳ ಕೂಟದ ಹೆಸರು ನಲಿದಾಡುತ್ತದೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಸಂಗಮದವರೆಗೂ ಬಂದಿತು. ಆ ಜಲಾಶಯಕ್ಕೆ ಇಟ್ಟ ಹೆಸರು ಬಸವಸಾಗರ. ಅಲ್ಲಿಯ ನೀರಿನಿಂದ ಯಾದಗಿರಿ, ಕಲಬುರಗಿ, ರಾಯಚೂರು ಭಾಗದ ಒಣಭೂಮಿ ಹಸಿರಾಯಿತು, ಹಸಿದವರಿಗೆ ಅನ್ನ ದೊರೆಯಿತು. ದಾಸೋಹದ ಮಹತ್ವವನ್ನು ಅರಿತ ನಾವು ಅದನ್ನು ಅಲ್ಲಗಳೆಯಲಾರೆವು. ಮುಳುಗಲಿದ್ದ ಐಕ್ಯಸ್ಥಳದ ಸುತ್ತ ಗೋಡೆಯನ್ನು ಕಟ್ಟಿ ಅದನ್ನು ಉಳಿಸಿಕೊಂಡದ್ದೂ ಸ್ತುತ್ಯವಾದ ಕಾರ್ಯವೇ. ಆದರೆ ಜಲಾಶಯ ತುಂಬಿದಾಗ ಹರಿಯುತ್ತಿದ್ದ ಎರಡು ನದಿಗಳು ನಿಂತ ಒಂದೇ ನೀರಾಗುತ್ತವೆ. ಮಂಟಪವೇನೋ ಉಳಿಯಿತು, ಅದಕ್ಕೆ ಹೆಸರು ಕೊಟ್ಟ ಸಂಗಮವು ಕಣ್ಮರೆಯಾಯಿತು.

ಕೃಷ್ಣೆಯ ಗುಂಟ ಇನ್ನೂ ಕೆಳಗೆ ಸಾಗಿದರೆ ಇದೇ ಪ್ರಶ್ನೆಗೆ ದೊರೆತ ಬೇರೊಂದು ಉತ್ತರ ಕಾಣಸಿಗುತ್ತದೆ. ತುಂಗಭದ್ರೆಯು ಕೃಷ್ಣೆಯನ್ನು ಸೇರುವ ಕೂಡವೆಲ್ಲಿಯಲ್ಲಿ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವಿದ್ದಿತು. ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗುವುದು ಖಚಿತವಾದಾಗ ಪುರಾತತ್ತ್ವ ತಜ್ಞರು ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಇಂದು ತೆಲಂಗಾಣಕ್ಕೆ ಸೇರಿದ ಆಲಂಪುರದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಶಿಲ್ಪಕ್ಕೆ ಹೆಚ್ಚಿನ ಕುಂದು ಬಾರದಂತೆ ನಡೆದ ಆ ಕಾರ್ಯವು ನಿಜಕ್ಕೂ ಸಾಹಸವೇ. ಆದರೂ ಆ ಗುಡಿಯ ಮುಂದೆ ನಿಂತವರಿಗೆ ಹೆಸರಿನಲ್ಲಿ ಸಂಗಮವಿದೆ, ಎದುರಿನಲ್ಲಿ ಸಂಗಮವಿಲ್ಲ. ಒಂದೆಡೆ ಗುಡಿಯು ಹೊಳೆಯನ್ನು ಬಿಟ್ಟು ಬಂದಿತು. ಇನ್ನೊಂದೆಡೆ ಗುಡಿ ಇದ್ದಲ್ಲೇ ಇದ್ದು ಹೊಳೆಯು ತನ್ನ ರೂಪವನ್ನು ಕಳೆದುಕೊಂಡಿತು.

ಸ್ಮಾರಕವು ತಾನಿರುವ ಪರಿಸರದಿಂದ ಬೇರ್ಪಡಿಸಲಾಗದ ವಸ್ತುವೆಂಬ ತತ್ತ್ವವನ್ನು 1964ರ ವೆನಿಸ್ ಸನ್ನದು ಜಗತ್ತಿಗೆ ಸಾರಿತು. ನಮ್ಮ ಪೂರ್ವಿಕರು ಇದನ್ನು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಮಲಪ್ರಭೆಯ ದಂಡೆಯ ಮೇಲೆಯೇ ಇರುವ ಪಟ್ಟದಕಲ್ಲನ್ನು ನೋಡಿ. ಪೂರ್ವಾಭಿಮುಖವಾಗಿ ಸಾಗುವ ನದಿಯು ಅಲ್ಲಿ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿಯಾದ ಆ ತಾಣವೇ ಪವಿತ್ರವೆಂದು ಚಾಲುಕ್ಯರು ಪಟ್ಟಾಭಿಷೇಕಕ್ಕೆ ಅದನ್ನು ಆರಿಸಿಕೊಂಡರು. ಕೆಂಪು ಮಣ್ಣಿನ ಆ ನೆಲಕ್ಕೆ ಕಿಸುವೊಳಲ್ ಎಂಬ ಹೆಸರೂ ಇದ್ದಿತು. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವು ನದಿಗೆ ಮುಖಮಾಡಿ ನಿಂತಿದೆ. ಗುಡಿಗಳಾದ ಮರಳುಗಲ್ಲು ಸುತ್ತಲಿನ ಗುಡ್ಡಗಳದ್ದೇ. ಹೊಳೆಯ ತಿರುವು, ಮಣ್ಣಿನ ಬಣ್ಣ, ಗುಡ್ಡದ ಕಲ್ಲು — ಈ ಮೂರನ್ನೂ ಬಿಟ್ಟು ಪಟ್ಟದಕಲ್ಲಿನ ಚರಿತ್ರೆಯನ್ನು ಹೇಳಲಾಗದು.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ದೇವಾಲಯ ಸಮುಚ್ಚಯಕ್ಕೆ 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ಪ್ರವಾಹವು ನುಗ್ಗಿತು. ಅತಿವೃಷ್ಟಿಯು ಅದಕ್ಕೆ ಕಾರಣವೆಂಬುದು ನಿಜ. ಆದರೆ ಅದೊಂದೇ ಕಾರಣವಲ್ಲ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡ ಮೇಲೆ ಅದರ ಕೆಳಗಿನ ಪಾತ್ರದಲ್ಲಿ ಹಲವು ವರ್ಷಗಳ ಕಾಲ ನೀರು ಬಲು ಕಡಿಮೆ. ಹರಿವು ಕಡಿಮೆಯಾದಂತೆ ಪಾತ್ರದಲ್ಲಿ ಹೂಳು ತುಂಬಿತು, ಮುಳ್ಳುಕಂಟಿ ಬೆಳೆಯಿತು, ಎರಡೂ ದಂಡೆಗಳಿಂದ ಬೆಳೆಯು ಹೊಳೆಯೊಳಕ್ಕೆ ಇಳಿಯಿತು. ಆಣೆಕಟ್ಟು ತುಂಬಿ ನೀರು ಬಿಡಲೇಬೇಕಾದ ವರ್ಷದಲ್ಲಿ ಆ ನೀರಿಗೆ ತನ್ನ ಹಳೆಯ ದಾರಿ ಸಿಗುವುದಿಲ್ಲ. ಅದು ಊರಿಗೆ ನುಗ್ಗುತ್ತದೆ, ಗುಡಿಗೂ ನುಗ್ಗುತ್ತದೆ. ಮರಳುಗಲ್ಲು ನೀರನ್ನು ಹೀರಿಕೊಳ್ಳುವ ಕಲ್ಲು. ಹೀರಿದ ನೀರು ಆರುವಾಗ ಅದರಲ್ಲಿನ ಲವಣವು ಮೇಲ್ಪದರದಲ್ಲಿ ಹರಳುಗಟ್ಟಿ ಕಲ್ಲನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಹೊಳೆಗೆ ಮಾಡಿದ ಅಪಚಾರವು ಹೀಗೆ ಶಿಲ್ಪದ ಮುಖವನ್ನು ತಲುಪುತ್ತದೆ.

ಇದನ್ನು ಬರೆಯುವಾಗ ಸಂಕೋಚವಾಗುತ್ತದೆ. ನಮ್ಮ ಭಕ್ತರಲ್ಲಿಯೂ ಹೊಳೆಸಾಲಿನ ರೈತರಿದ್ದಾರೆ. ಬರಗಾಲದಲ್ಲಿ ನೊಂದು, ಖಾಲಿ ಬಿದ್ದ ಪಾತ್ರವನ್ನು ಹಸನು ಮಾಡಿ ಬಿತ್ತಿದವರನ್ನು ಸುಮ್ಮನೆ ದೂರುವುದು ತರವಲ್ಲ. ಆದರೆ ಮಹಾಪೂರ ಬಂದಾಗ ಮೊದಲು ಮನೆಮಠ ಕಳೆದುಕೊಳ್ಳುವವರೂ ಅವರೇ ಆಗಿದ್ದಾರೆ. ಗುಡಿಗೂ ರೈತನಿಗೂ ಇರುವ ರಕ್ಷಣೆ ಒಂದೇ: ಹೊಳೆಯ ಪಾತ್ರವು ಹೊಳೆಯದಾಗಿಯೇ ಉಳಿಯಬೇಕು.

ಕಾನೂನು ಏನು ಹೇಳುತ್ತದೆ? 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರು ನಿಯಂತ್ರಿತ ಪ್ರದೇಶ. ಇದು ಅವಶ್ಯವಾದ ಕಟ್ಟಳೆ. ಆದರೆ ಹತ್ತಾರು ಕಿಲೋಮೀಟರು ಮೇಲೆ ಮರಳು ತೆಗೆದ ಗುಂಡಿಯನ್ನಾಗಲಿ, ಕಿರಿದಾದ ಪಾತ್ರವನ್ನಾಗಲಿ ಈ ಮೀಟರುಗಳ ಲೆಕ್ಕ ಮುಟ್ಟಲಾರದು. ನದಿಗೆ ಬೇಲಿಯ ಒಳಗು ಹೊರಗು ತಿಳಿಯದು. ಸಂವಿಧಾನದ 51ಎ ವಿಧಿಯಾದರೋ ಇವೆರಡನ್ನೂ ಅಕ್ಕಪಕ್ಕದಲ್ಲೇ ಇರಿಸಿದೆ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಒಂದು ಕರ್ತವ್ಯ. ಅದರ ಮರುಸಾಲಿನಲ್ಲೇ ಅರಣ್ಯ, ಸರೋವರ, ನದಿಗಳನ್ನು ರಕ್ಷಿಸುವುದು ಇನ್ನೊಂದು. 1976ರಲ್ಲಿ ಸೇರಿದ ಈ ಕರ್ತವ್ಯಗಳು ಸರ್ಕಾರದವಲ್ಲ, ಪ್ರತಿಯೊಬ್ಬ ನಾಗರಿಕನವು.

"ದೇಹವನ್ನೇ ದೇಗುಲವಾಗಿ ಕಂಡ ಶರಣರ ಅನುಯಾಯಿಗಳಾದ ನಮಗೆ ಕಲ್ಲುಗುಡಿಗಳ ಚಿಂತೆ ಏಕೆ?" ಎಂದು ಕೆಲವರು ಕೇಳಬಹುದು. ಯೋಗ್ಯವಾದ ಪ್ರಶ್ನೆಯೇ. ಕಟ್ಟಿದ ಕಲ್ಲು ಶಾಶ್ವತವೆಂದು ಶರಣರು ಭ್ರಮಿಸಲಿಲ್ಲ. ಅವರು ಹಿರಿದೆಂದು ಎತ್ತಿ ಹಿಡಿದದ್ದು ಚಲನಶೀಲವಾದ ಜಂಗಮತತ್ತ್ವವನ್ನು. ಹಾಗಿರುವಾಗ ಗುಡಿಯ ಸುತ್ತ ಬೇಲಿ ಹಾಕಿ, ಹುಲ್ಲುಹಾಸು ಬೆಳೆಸಿ, ದೀಪಾಲಂಕಾರ ಮಾಡಿ, ಪಕ್ಕದಲ್ಲಿ ಹರಿಯುವ ನದಿಯನ್ನು ಚರಂಡಿಯಾಗಲು ಬಿಡುವುದಾದರೆ, ನಾವು ಉಳಿಸಿಕೊಂಡದ್ದು ಸ್ಥಾವರವನ್ನು ಮಾತ್ರ, ಜೀವವುಳ್ಳದ್ದನ್ನು ಕೈಬಿಟ್ಟೆವು. ಗುಡಿ ನಮಗೆ ಪೂರ್ವಿಕರ ಕಾಯಕದ ಸಾಕ್ಷಿ, ಹೊಳೆ ಆ ಕಾಯಕಕ್ಕೆ ಆಸರೆ. ಎರಡೂ ನಮಗೆ ದೊರೆತ ಪ್ರಸಾದ. ಪ್ರಸಾದವನ್ನು ಕೆಡಿಸುವ ಅಧಿಕಾರ ಯಾರಿಗೂ ಇಲ್ಲ.

ಆದ್ದರಿಂದ ಭಕ್ತರಲ್ಲಿ ನಾಲ್ಕು ವಿನಂತಿಗಳು. ಸಂಗಮದಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ರೂಢಿಯನ್ನು ತೊರೆಯಬೇಕು; ಸಾಬೂನು, ಪ್ಲಾಸ್ಟಿಕ್ಕು ದಂಡೆಯನ್ನು ಮುಟ್ಟದಿರಲಿ. ಹೊಳೆಸಾಲಿನ ಊರುಗಳವರು ಗ್ರಾಮಸಭೆಯಲ್ಲಿ ನದಿಯ ಗಡಿಯನ್ನು ಅಳೆದು ಗುರುತಿಸುವಂತೆ ಒತ್ತಾಯಿಸಬೇಕು. ದಂಡೆಯ ಮೇಲೆ ಹೊಂಗೆ, ನೇರಳೆ, ಮತ್ತಿಯಂಥ ನೆಲದ ಮರಗಳನ್ನು ಬೆಳೆಸುವುದನ್ನು ಕಾಯಕವೆಂದೇ ಕೈಗೊಳ್ಳಬೇಕು. ಜೀರ್ಣೋದ್ಧಾರಕ್ಕೆ ಕಾಣಿಕೆ ನೀಡುವವರು ಗುಡಿಯ ಬಣ್ಣ, ಗ್ರಾನೈಟು ಹಾಸಿಗಿಂತ ಮೊದಲು ಅದರ ಕೆರೆ, ಕಾಲುವೆ, ಮರಗಳನ್ನು ಕೇಳಬೇಕು.

ಅಂದು ಆ ತಾಯಿಗೆ ನಾನು ಉತ್ತರ ಕೊಡಲಿಲ್ಲ. ಅವರೇ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡು, "ಎರಡೂ ಇದರಾಗ ಅದಾವಲ್ಲಪ್ಪಾ" ಎಂದು ತಾವೇ ಸಮಾಧಾನ ಮಾಡಿಕೊಂಡರು. ಬೊಗಸೆಯ ತಳದಲ್ಲಿ ಶಾಂಪೂ ಚೀಟಿಯೊಂದಿತ್ತು. ಅದನ್ನು ಬೇರ್ಪಡಿಸಿ ಸೆರಗಿಗೆ ಕಟ್ಟಿಕೊಂಡರೇ ಹೊರತು ಮತ್ತೆ ನೀರಿಗೆ ಎಸೆಯಲಿಲ್ಲ. ಹೊಳೆಯ ಸೇವೆಗೆ ಅದಕ್ಕಿಂತ ದೊಡ್ಡ ಮೊದಲ ಪಾಠ ನಮಗೆ ಬೇಕಾಗಿಲ್ಲ.