ಒಂದು ಚಿತ್ರ, ಎರಡು ಧ್ವನಿ: ಗಡಿಯ ಸಣ್ಣ ಪ್ರಸಾರ ಕೇಂದ್ರಗಳ ಇತಿಹಾಸ



ಸಿರ್ಗಾಪುರ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ಕನ್ನಡ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಮನೆಯಲ್ಲಿ ಕನ್ನಡ ಆಡಿದರೆ ಸಾಕು, ಶಾಲೆಯಲ್ಲಿ ಏಕೆ? ನಾಲ್ಕು ಗೋಡೆಯ ಹೊರಗೆ ಎಲ್ಲಿಯೂ ಕೇಳಿಸದ ಭಾಷೆಯನ್ನು ಮಗು ಎಷ್ಟು ದಿನ ಗೌರವದಿಂದ ಕಾಣುತ್ತದೆ ಎಂಬುದೇ ಇದಕ್ಕೆ ಎದುರು ಪ್ರಶ್ನೆ. ಉತ್ತರದ ಒಂದು ಭಾಗ ನಮ್ಮ ಸುತ್ತಲಿನ ದೂರದರ್ಶನ ಮತ್ತು ಬಾನುಲಿಯ ಇತಿಹಾಸದಲ್ಲಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾರಾಯಣಖೇಡ ತಾಲ್ಲೂಕೂ ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮೆದಕ ಜಿಲ್ಲೆಯನ್ನು ಸೇರಿದವು. ತಾಂಡೂರು, ಕೊಡಂಗಲ್‌ಗಳು ಗುಲ್ಬರ್ಗಾ ಜಿಲ್ಲೆಯನ್ನು ಬಿಟ್ಟು ಆಂಧ್ರಪ್ರದೇಶಕ್ಕೆ ಹೋದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ಆ ವಿಧಿ ಶಾಲೆಯ ಮಾತನ್ನಷ್ಟೇ ಆಡುತ್ತದೆ; ಪ್ರಸಾರದ ವಿಷಯವನ್ನು ಎತ್ತುವುದಿಲ್ಲ.

ದೂರದರ್ಶನ ಹಳ್ಳಿಗೆ ಬಂದದ್ದು ಸೈಟ್ ಎಂಬ ಉಪಗ್ರಹ ಪ್ರಯೋಗದ ಮೂಲಕ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿತು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ತಟ್ಟೆಯೇ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪ್ರತಿ ಭಾಷೆಯಲ್ಲೂ 22.5 ನಿಮಿಷದ ಪಾಠ. ಸಂಜೆ ಕೃಷಿ, ಆರೋಗ್ಯ, ಮನರಂಜನೆ. ಕರ್ನಾಟಕದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಕನ್ನಡ. ಆಂಧ್ರದ ಮೆದಕ, ಹೈದರಾಬಾದ್, ಮಹಬೂಬನಗರ, ಕರ್ನೂಲು ಜಿಲ್ಲೆಗಳಿಗೆ ತೆಲುಗು. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಯ ಧ್ವನಿಯನ್ನು ಕಳುಹಿಸುವ ಸೌಲಭ್ಯ ಆ ಉಪಗ್ರಹಕ್ಕಿತ್ತು. ಹಾಗಿದ್ದರೂ ಯಾವ ಊರಿಗೆ ಯಾವ ಧ್ವನಿ ಎಂಬುದನ್ನು ಜಿಲ್ಲೆಯ ಗಡಿಯೇ ನಿರ್ಧರಿಸಿತು. ಮನೆಯೊಳಗಿನ ಭಾಷೆ ಯಾವುದೆಂದು ಕೇಳುವ ಏರ್ಪಾಡು ಇರಲಿಲ್ಲ. ಯಂತ್ರಕ್ಕೆ ಸಾಧ್ಯವಿದ್ದುದು ಆಡಳಿತಕ್ಕೆ ತೋಚಲಿಲ್ಲವೆಂದೇ ನನ್ನ ಭಾವನೆ.

ಪ್ರಯೋಗ ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗಾದಲ್ಲಿ ಭೂಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಕರ್ನಾಟಕದ ಮೊದಲ ಟಿವಿ ಕೇಂದ್ರ ರಾಜಧಾನಿಯದಲ್ಲ, ನಮ್ಮ ನೆರೆಯ ಬಿಸಿಲೂರಿನದು ಎಂದರೆ ಈಗ ನಂಬುವವರು ಕಡಿಮೆ. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ಸಣ್ಣ ಪ್ರಸಾರಕಗಳು ಬಹುಮಟ್ಟಿಗೆ ದೆಹಲಿಯ ದನಿಯನ್ನು ಮರುದನಿಸುವ ಕಂಬಗಳಾದವು.

ಇಷ್ಟರಲ್ಲಿ ಜಹೀರಾಬಾದಿನ ಬಳಿ ಬೇರೆಯೇ ಒಂದು ಪ್ರಯತ್ನ ಮೊಳೆತಿತ್ತು. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ನಿರ್ಮಾಪಕರಾಗಿ ಸೈಟ್ ಪ್ರಯೋಗದಲ್ಲೂ ದುಡಿದಿದ್ದ ಪಿ. ವಿ. ಸತೀಶ್ 1983ರಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದರು. ಪಸ್ತಾಪುರದ ಸುತ್ತಲಿನ ದಲಿತ ಮಹಿಳೆಯರ ಸಂಘಗಳು ಅದರ ಬೆನ್ನೆಲುಬು. ಯುನೆಸ್ಕೋ ನೆರವಿನಿಂದ 1998ರ ಹೊತ್ತಿಗೆ ಮಾಚನೂರಿನಲ್ಲಿ ಸ್ಟುಡಿಯೊ ಸಿದ್ಧವಾಯಿತು. ಪರವಾನಗಿ ಮಾತ್ರ ಸಿಗಲಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತಾದರೂ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನೀತಿ. ಅಷ್ಟು ವರ್ಷ ಆ ಮಹಿಳೆಯರು ಸುಮ್ಮನೆ ಕೂರಲಿಲ್ಲ. ಬೀಜ, ಬೆಳೆ, ಹಾಡು, ಮನೆಮದ್ದುಗಳ ಮಾತನ್ನು ಕ್ಯಾಸೆಟ್ಟಿಗೆ ಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ 90.4 ಮೆಗಾಹರ್ಟ್ಸ್‌ನಲ್ಲಿ ಮಾತು ಆರಂಭಿಸಿತು. ಉದ್ಘಾಟಿಸಿದವರು ಆ 1995ರ ತೀರ್ಪನ್ನು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತ್. ಕೇಂದ್ರವನ್ನು ನಡೆಸಿದವರು ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ ಎಂಬ ಹಳ್ಳಿಯ ಹೆಣ್ಣುಮಕ್ಕಳು. ಅವರ ತೆಲುಗು ಪಠ್ಯಪುಸ್ತಕದ್ದಲ್ಲ, ಹೊಲದ್ದು. ಅದನ್ನು ತಿದ್ದಿಕೊಂಡು ಬನ್ನಿರೆಂದು ಅವರಿಗೆ ಯಾರೂ ಹೇಳಲಿಲ್ಲ.

ಇದನ್ನು ನಾನು ವಿಶೇಷವಾಗಿ ಎತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮಕ್ಕಳು ಮನೆಯ ಕನ್ನಡದಲ್ಲಿ ಉರ್ದು, ತೆಲುಗು, ಮರಾಠಿ ಬೆರೆತಿದೆಯೆಂದು ನಾಚುತ್ತಾರೆ. ಬೆಂಗಳೂರಿನ ವಾಹಿನಿಗಳು ಇಂದು ಪ್ರತಿ ಮನೆಗೂ ಬರುತ್ತವೆ; ಆದರೆ ಅಲ್ಲಿ ಅಜ್ಜಿಯ ಮಾತು ಕೇಳಿಸಿದರೆ ಹೆಚ್ಚಾಗಿ ನಗಿಸಲೆಂದೇ.

ದೂರದ ಉದಾಹರಣೆಯೊಂದು ಬೇಕಿದ್ದರೆ ಡೆನ್ಮಾರ್ಕಿಗೆ ಸೇರಿದ ಫರೋ ದ್ವೀಪಗಳಿವೆ. ಅಲ್ಲಿನ ಜನಸಂಖ್ಯೆ ಈಗಲೂ ಐವತ್ತು ಸಾವಿರದ ಆಸುಪಾಸು. ಅವರ ನುಡಿಗೆ 1938ರಲ್ಲಿ ಶಾಲೆಯಲ್ಲಿ ಡ್ಯಾನಿಷ್ ಭಾಷೆಗೆ ಸಮನಾದ ಸ್ಥಾನ ದೊರೆಯಿತು, 1957ರಲ್ಲಿ ಬಾನುಲಿ, 1984ರಲ್ಲಿ ದೂರದರ್ಶನ ಬಂದವು. ಈ ಕ್ರಮವನ್ನು ಗಮನಿಸಿರಿ: ಶಾಲೆ ಮೊದಲು. ಓದಲು ಬರೆಯಲು ಬಲ್ಲ ಒಂದು ತಲೆಮಾರು ಸಿದ್ಧವಾದ ಮೇಲೆ ಸ್ಟುಡಿಯೊಗೆ ಆಳು ಸಿಕ್ಕರು. ಕನ್ನಡ ಶಾಲೆಗೆ ದಾಖಲಾತಿ ಇಲ್ಲದ ಊರಿನಲ್ಲಿ ಕನ್ನಡ ಬಾನುಲಿಗೆ ಬರೆದು ಓದುವವರು ಎಲ್ಲಿಂದ ಬರಬೇಕು?

2006ರ ನೀತಿಯ ಪ್ರಕಾರ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಮೂಡಬೇಕು, ಆದಷ್ಟೂ ಸ್ಥಳೀಯ ಭಾಷೆ ಹಾಗೂ ಉಪಭಾಷೆಗಳಲ್ಲಿರಬೇಕು. ಸ್ಥಳೀಯ ಭಾಷೆ ಒಂದೇ ಇರಬೇಕೆಂದು ಅಲ್ಲಿ ಬರೆದಿಲ್ಲ. ಮೂರು ವರ್ಷ ಹಳೆಯ ನೋಂದಾಯಿತ ಸಂಸ್ಥೆಯಾಗಲಿ, ಶಿಕ್ಷಣ ಸಂಸ್ಥೆಯಾಗಲಿ ಅರ್ಜಿ ಹಾಕಬಹುದು. ಅರ್ಜಿ ಮುಂದಿನ ಮಾತು. ಮಾಚನೂರಿನವರು ಹತ್ತು ವರ್ಷ ಕ್ಯಾಸೆಟ್ಟು ತುಂಬಿಸಿದರು; ನಮ್ಮ ಕೈಯಲ್ಲಿ ಮೊಬೈಲ್ ಇದೆ. ಈ ದಾಖಲಾತಿಯ ತಿಂಗಳಲ್ಲಿ ಮಗುವಿನ ಹೆಸರನ್ನು ಕನ್ನಡ ಶಾಲೆಯಲ್ಲಿ ಬರೆಸಿ ಬಂದ ಸಂಜೆ, ಅದೇ ಮಗುವಿನ ಕೈಗೆ ಫೋನು ಕೊಟ್ಟು, ಅಜ್ಜಿಯ ಬೀಸುವ ಕಲ್ಲಿನ ಹಾಡೊಂದನ್ನು ಮುದ್ರಿಸಿಡಲು ಹೇಳಿರಿ.