ಲೀಟರಿಗೆ ಎಷ್ಟು ಕೊಡುತ್ತದೆ?

ಹೊಸ ಗಾಡಿ ಕೊಂಡವರನ್ನು ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ "ಲೀಟರಿಗೆ ಎಷ್ಟು ಕೊಡುತ್ತದೆ?" ಎಂಬುದು. ಹಸು ಎಷ್ಟು ಹಾಲು ಕೊಡುತ್ತದೆ ಎಂದು ವಿಚಾರಿಸಿದ ಹಾಗೆ. ಕೊಡುವುದು ಗಾಡಿಯೇ ಹೊರತು ಓಡಿಸುವವನಲ್ಲ ಎಂಬ ನಂಬಿಕೆ ಆ ಪ್ರಶ್ನೆಯೊಳಗೇ ಇದೆ. ಅದೇ ಬೈಕು ಅಣ್ಣನ ಕೈಯಲ್ಲಿ ಅರವತ್ತು, ತಮ್ಮನ ಕೈಯಲ್ಲಿ ನಲವತ್ತೈದು ಕೊಟ್ಟರೆ ಅಣ್ಣನಿಗೆ ಸಿಗುವ ಬಿರುದು ಜಾಣ ಎಂದಲ್ಲ, ಕಂಜೂಸ್ ಎಂದು.

ಉರ್ದು ಶಾಲೆಯಲ್ಲಿ ಓದುವಾಗ ನಾವು ಎರಡು ಪದಗಳನ್ನು ಬೇರೆ ಬೇರೆಯಾಗಿ ಕಲಿತೆವು. ಒಂದು ಕಿಫಾಯತ್, ಇನ್ನೊಂದು ಬುಖ್ಲ್. ಕನ್ನಡದಲ್ಲಿ ಮಿತವ್ಯಯ ಮತ್ತು ಜಿಪುಣತನ. ಮೊದಲನೆಯದು ಗುಣ, ಎರಡನೆಯದು ರೋಗ. ಇಂಧನ ಉಳಿಸಿ ಗಾಡಿ ಓಡಿಸುವವನನ್ನು ಲೋಕ ಈ ಎರಡರಲ್ಲಿ ಯಾವ ಸಾಲಿಗೆ ಸೇರಿಸಿತು ಎಂದು ಹುಡುಕುತ್ತ ಹೋದರೆ ಸುಮಾರು ಒಂಬತ್ತು ದಶಕಗಳ ಒಂದು ಚರಿತ್ರೆ ಕಣ್ಣ ಮುಂದೆ ಬರುತ್ತದೆ. ಅದರಲ್ಲಿ ಯುದ್ಧವಿದೆ, ರಾಜಕೀಯವಿದೆ, ನಮ್ಮ ಮನೆಯ ಒಂದು ಸಂಗತಿಯೂ ಇದೆ.

ಮನೆಯ ಮಾತನ್ನೇ ಮೊದಲು ಹೇಳಿಬಿಡುತ್ತೇವೆ. ನಮ್ಮ ಚಾಚಾ ಲಾರಿ ಡ್ರೈವರ್ ಆಗಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ಹಾಸನದ ಕಡೆಯಿಂದ ಮಂಗಳೂರಿಗೆ ಸರಕು ಸಾಗಿಸುತ್ತಿದ್ದರು. ಲಾರಿಯ ಧಣಿ ಒಂದು ಟ್ರಿಪ್ಪಿಗೆ ಇಂತಿಷ್ಟು ಎಂದು ಡೀಸೆಲ್ ಲೆಕ್ಕ ಹಾಕಿ ಕೊಡುತ್ತಿದ್ದ. ಹೆಚ್ಚು ಖರ್ಚಾದರೆ ಸಂಬಳದಲ್ಲಿ ಮುರಿತ, ಉಳಿದರೆ ಅದು ಡ್ರೈವರನ ಪಾಲು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಲ್ಲಿ ಚಾಚಾ ಗೇರು ತಪ್ಪಿಸಿ ಎಂಜಿನ್ ಬಂದ್ ಮಾಡಿಬಿಡುತ್ತಿದ್ದರು. "ಇಳಿಜಾರು ಅಲ್ಲಾಹನು ಕೊಟ್ಟದ್ದು, ಅದಕ್ಕೂ ಯಾಕೆ ಡೀಸೆಲ್ ಸುಡಬೇಕು?" ಎಂದು ನಗುತ್ತಿದ್ದರು. ಈದ್‌ಗೆ ನಮಗೆ ಬರುತ್ತಿದ್ದ ಹೊಸ ಬಟ್ಟೆ ಆ ಇಳಿಜಾರಿನಲ್ಲಿ ಉಳಿದ ಡೀಸೆಲ್‌ನದು. ನಮ್ಮ ಚಾಚಾ ಎಂಜಿನ್ ಇಲ್ಲದೆಯೇ ಲಾರಿ ಓಡಿಸುತ್ತಾರೆ ಎಂದು ನಾವು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು. ಆ ಕತೆಯ ಉಳಿದ ಭಾಗ ಕೊನೆಗೆ.

ಹಾಗೆ ನೋಡಿದರೆ ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಹೋಗುವುದು ಒಂದು ಕಾಲದಲ್ಲಿ ಪಂದ್ಯವಾಗಿತ್ತು. ಅಮೆರಿಕದಲ್ಲಿ 1936ರಲ್ಲಿ ಗಿಲ್‌ಮೋರ್ ಎಂಬ ತೈಲ ಕಂಪೆನಿ ಲಾಸ್ ಏಂಜಲಿಸ್‌ನಿಂದ ಯೊಸೆಮಿಟಿಯವರೆಗೆ ಇಂತಹದೊಂದು ಓಟವನ್ನು ಏರ್ಪಡಿಸಿತು. ಮುಂದೆ ಮೊಬಿಲ್ ಕಂಪೆನಿಯ ಹೆಸರಿನಲ್ಲಿ ಅದು 1968ರವರೆಗೂ ನಡೆಯಿತು. 1939ರಲ್ಲಿ ಶೆಲ್ ಕಂಪೆನಿಯ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿಗಳು ತಮ್ಮತಮ್ಮಲ್ಲೇ ಬಾಜಿ ಕಟ್ಟಿದರು. ಗೆದ್ದವರ ಕಾರು ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 21 ಕಿಲೋಮೀಟರ್ ಓಡಿತು. ಆ ಬಾಜಿಯೇ ಇಂದಿನ ಶೆಲ್ ಇಕೋ ಮ್ಯಾರಥಾನ್‌ನ ಮೂಲ. ಆದರೆ ಪಂದ್ಯ ನೋಡಿ ಚಪ್ಪಾಳೆ ತಟ್ಟಿದ ಜನ ಮನೆಗೆ ಮರಳುವಾಗ ಹಾಗೆ ಓಡಿಸಬೇಕೆಂದು ಬಯಸಲಿಲ್ಲ. ತಂತಿಯ ಮೇಲೆ ನಡೆಯುವವನನ್ನು ನೋಡಿ ಬಂದವರು ತಂತಿಯ ಮೇಲೆ ನಡೆಯುವುದಿಲ್ಲವಲ್ಲ, ಹಾಗೆ.

ಆಟವನ್ನು ಆಜ್ಞೆಯಾಗಿ ಬದಲಿಸಿದ್ದು ಎರಡನೆಯ ಮಹಾಯುದ್ಧ. ಬ್ರಿಟನ್ನಿನಲ್ಲಿ 1939ರ ಸೆಪ್ಟೆಂಬರ್‌ನಲ್ಲೇ ಪೆಟ್ರೋಲಿಗೆ ರೇಷನ್ ಬಂತು, 1942ರಲ್ಲಿ ಸ್ವಂತ ಓಡಾಟಕ್ಕೆ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸಲಾಯಿತು. ಅಮೆರಿಕದಲ್ಲಿ ಗಂಟೆಗೆ 35 ಮೈಲಿ, ಅಂದರೆ 56 ಕಿಲೋಮೀಟರ್ ಮೀರಬಾರದೆಂಬ ಕಟ್ಟಳೆಯಾಯಿತು. ಅದರ ಮುಖ್ಯ ಉದ್ದೇಶ ಪೆಟ್ರೋಲಿಗಿಂತ ಟಯರಿನ ರಬ್ಬರ್ ಉಳಿಸುವುದಾಗಿತ್ತು. ರಬ್ಬರ್ ಬೆಳೆಯುವ ಮಲಯ ಮತ್ತು ಡಚ್ ಇಂಡೀಸ್ ಜಪಾನಿನ ಕೈಸೇರಿದ್ದವು. ಕಾರಿನಲ್ಲಿ ಒಬ್ಬನೇ ಹೋಗುವವನ ಪಕ್ಕದಲ್ಲಿ ಹಿಟ್ಲರ್ ಕೂತಿರುತ್ತಾನೆ ಎಂಬ ಅರ್ಥ ಕೊಡುವ ಸರ್ಕಾರಿ ಪೋಸ್ಟರ್ 1943ರಲ್ಲಿ ಅಲ್ಲಿ ಹೊರಬಂತು. ನಿನ್ನೆಯ ಜಿಪುಣ ಒಂದೇ ಏಟಿಗೆ ದೇಶಭಕ್ತನಾದ. ಯುದ್ಧ ಮುಗಿದ ಮೇಲೆ ಮತ್ತೆ ಜಿಪುಣನೇ ಆದ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ನಾಡಿಗೂ ಆ ಬಿಸಿ ತಟ್ಟಿತು. ಭಾರತಕ್ಕೆ ಎಣ್ಣೆ ಬರುತ್ತಿದ್ದ ಹತ್ತಿರದ ಮೂಲ ಬರ್ಮಾ. ಜಪಾನೀ ಸೈನ್ಯ ಮುನ್ನುಗ್ಗಿದಾಗ 1942ರ ಏಪ್ರಿಲ್‌ನಲ್ಲಿ ಬ್ರಿಟಿಷರು ತಾವೇ ಯೆನಾಂಜಾಂಗ್‌ನ ತೈಲ ಬಾವಿಗಳನ್ನು ನಾಶ ಮಾಡಿ ಹಿಂದೆ ಸರಿದರು. ಮೈಸೂರು ಸೀಮೆಯಲ್ಲೂ ದಕ್ಷಿಣ ಕನ್ನಡದಲ್ಲೂ ಇದ್ದಲಿನ ಗ್ಯಾಸಿನ ಬಸ್ಸುಗಳು ಓಡಿದ್ದು ಆ ದಿನಗಳಲ್ಲಿ. ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು, ಅದರಲ್ಲಿ ಕೆಂಡ, ಪಕ್ಕದಲ್ಲಿ ನಿಂತು ಗಾಳಿ ಯಂತ್ರ ತಿರುಗಿಸುವ ಹುಡುಗ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಆ ಕಾಲವನ್ನು ಕಂಡ ಹಿರಿಯರು ಅದನ್ನು ನೆನೆದಾಗಲೆಲ್ಲ ನಗುತ್ತಿದ್ದರು. ಇಂಧನ ಉಳಿಸುವುದೆಂದರೆ ಬಡತನದ ಫಜೀತಿ ಎಂಬ ಭಾವನೆ ಜನರಲ್ಲಿ ಬೇರೂರಲು ಆ ನಗುವೂ ಒಂದು ಕಾರಣವಿರಬಹುದು.

ಎರಡನೆಯ ದೊಡ್ಡ ಆಘಾತ 1973ರದು. ಆ ವರ್ಷ ಅಕ್ಟೋಬರ್ 6ರಂದು, ರಂಜಾನಿನ ಹತ್ತನೆಯ ದಿನ, ಈಜಿಪ್ಟ್ ಮತ್ತು ಸಿರಿಯಾದ ಸೈನ್ಯಗಳು ಇಸ್ರೇಲ್ ಆಕ್ರಮಿಸಿದ್ದ ನೆಲಕ್ಕೆ ನುಗ್ಗಿದವು. ಹತ್ತು ಹನ್ನೊಂದು ದಿನಗಳಲ್ಲಿ ಅರಬ್ ರಾಷ್ಟ್ರಗಳು ತೈಲ ಉತ್ಪಾದನೆಯನ್ನು ಕಡಿತಗೊಳಿಸಿ, ಇಸ್ರೇಲ್ ಬೆಂಬಲಿಗರಿಗೆ ತೈಲ ಕೊಡುವುದಿಲ್ಲ ಎಂದವು. ಬ್ಯಾರಲ್ಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಜನವರಿಗೆ 12 ಡಾಲರ್ ಹತ್ತಿರಕ್ಕೆ ಬಂತು. ನೆದರ್ಲೆಂಡ್ಸ್ ಮತ್ತು ಪಶ್ಚಿಮ ಜರ್ಮನಿಯಲ್ಲಿ ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದರು. ಖಾಲಿ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ ಹೊಡೆದರು, ಜನ ಕಾಲ್ನಡಿಗೆಯಲ್ಲಿ ತಿರುಗಿದರು. ಜರ್ಮನಿಯಲ್ಲಿ ಅದು ನಾಲ್ಕು ವಾರಗಳ ಹಬ್ಬದಂತಿತ್ತು. ಆದರೆ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನ ಮಿತಿ ಹಾಕಿದಾಗ ಜರ್ಮನಿಯ ಕಾರು ಮಾಲೀಕರ ಸಂಘ ಸಿಡಿದೆದ್ದಿತು. ಸ್ವತಂತ್ರ ಪ್ರಜೆಗೆ ಸ್ವತಂತ್ರ ಓಟ ಬೇಕು ಎಂಬುದು ಅವರ ಘೋಷಣೆ. ಆ ಮಿತಿ 1974ರ ಮಾರ್ಚ್‌ನಲ್ಲೇ ಬಿದ್ದುಹೋಯಿತು.

ಅಮೆರಿಕದಲ್ಲಿ 1974ರ ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಗಂಟೆಗೆ 55 ಮೈಲಿಯ ಮಿತಿಯ ಕಾನೂನಿಗೆ ಸಹಿ ಹಾಕಿದರು. ಅದರ ಹಿಂದಿನ ವಿಜ್ಞಾನ ಸರಳ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಇಂಧನಕ್ಕಾಗಿ ತಂದ ಆ ಕಾನೂನಿನಿಂದ ಯಾರೂ ಎಣಿಸದ ಒಂದು ಫಲವೂ ಸಿಕ್ಕಿತು. 1973ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 54 ಸಾವಿರ, 1974ರಲ್ಲಿ ಸುಮಾರು 45 ಸಾವಿರ. ಜನರ ಓಡಾಟ ಕಡಿಮೆಯಾದದ್ದೂ ಇದಕ್ಕೆ ಕಾರಣ, ವೇಗ ತಗ್ಗಿದ್ದೂ ಕಾರಣ. ಆದರೂ ಜನ ಆ ಕಾನೂನನ್ನು ಪ್ರೀತಿಸಲಿಲ್ಲ. ಟ್ರಕ್ ಡ್ರೈವರುಗಳು ತಮ್ಮ ರೇಡಿಯೋಗಳಲ್ಲಿ ಪೊಲೀಸರು ಎಲ್ಲಿದ್ದಾರೆ ಎಂದು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿಕೊಂಡರು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಇಂಧನ ಉಳಿತಾಯವನ್ನು ಯುದ್ಧಕ್ಕೆ ಸಮನಾದ ನೈತಿಕ ಹೋರಾಟ ಎಂದಾಗ ಟೀಕಾಕಾರರು ಆ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ 'ಮಿಯಾಂವ್' ಎಂದು ಗೇಲಿ ಮಾಡಿದರು. 1995ರಲ್ಲಿ ಆ ಮಿತಿ ರದ್ದಾಯಿತು.

ಭಾರತದಲ್ಲಿ ಅದೇ 1973ರಲ್ಲಿ ಒಂದು ವಿಚಿತ್ರ ದೃಶ್ಯ. ಇಂಧನ ಉಳಿಸಿ ಎಂಬ ಸಂದೇಶ ಕೊಡಲು ಪ್ರಧಾನಿ ಇಂದಿರಾ ಗಾಂಧಿ ಕುದುರೆ ಗಾಡಿಯಲ್ಲಿ ಹೊರಟರು. ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ಏರಿಕೆಯನ್ನು ಪ್ರತಿಭಟಿಸಲು ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಒಂದು ಗಾಡಿ ಉಪದೇಶ, ಇನ್ನೊಂದು ಗಾಡಿ ಆಕ್ರೋಶ. ಇವೆರಡರ ನಡುವೆ, ದಿನವಿಡೀ ಸ್ಟೀರಿಂಗ್ ಹಿಡಿದು ಕೂತ ಬಡ ಡ್ರೈವರನಿಗೆ ಹೇಗೆ ಓಡಿಸಿದರೆ ಇಂಧನ ಉಳಿಯುತ್ತದೆ ಎಂದು ಹೇಳಿಕೊಡುವವರು ಕಾಣಲಿಲ್ಲ. ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ನೆನೆಯಬೇಕು. ನಮ್ಮ ಜೇಬಿಗೆ ಕತ್ತರಿ ಹಾಕಿದ ಆ ತೈಲ ಬೆಲೆಯೇ ಕೊಲ್ಲಿ ದೇಶಗಳಲ್ಲಿ ಕೆಲಸ ಹುಟ್ಟಿಸಿತು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ತಾರಸಿ ಬಂದದ್ದು ಅದರಿಂದ. ಒಂದೇ ಹನಿ ಒಬ್ಬನಿಗೆ ಬರೆ, ಇನ್ನೊಬ್ಬನಿಗೆ ಬರಕತ್.

ಕಲಿಸುವ ಪ್ರಯತ್ನ ಶುರುವಾದದ್ದು ನಂತರ. 1978ರಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಆಶ್ರಯದಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಸ್ಥಾಪನೆಯಾಯಿತು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಟಯರಿಗೆ ಸರಿಯಾಗಿ ಗಾಳಿ ತುಂಬಿಸಿ, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆರಿಸಿ ಎಂಬುದು ಅದರ ಉಪದೇಶ. ಪೆಟ್ರೋಲ್ ಬಂಕಿನ ಗೋಡೆಗಳ ಮೇಲೆ ಇದನ್ನು ಓದದವರಿಲ್ಲ, ಪಾಲಿಸಿದವರು ಹೆಚ್ಚಿಲ್ಲ. ಸಾರಿಗೆ ನಿಗಮಗಳಲ್ಲಿ ಮಾತ್ರ ಇದು ಲೆಕ್ಕಕ್ಕೆ ಬಂತು. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ 'ಕೆಎಂಪಿಎಲ್' ಅಂಕಿ ಬಸ್ ಡ್ರೈವರನ ಬೆನ್ನು ಹತ್ತಿತು. ಗಾಡಿ ಹಳೆಯದೋ, ರಸ್ತೆ ಹಾಳೋ, ಬಸ್ಸಿನಲ್ಲಿ ಎಷ್ಟು ಜನ ಜೋತುಬಿದ್ದಿದ್ದರೋ, ಒಂದು ಅಂಕಿಯಲ್ಲಿ ಅದೆಲ್ಲ ಕಾಣುವುದಿಲ್ಲ. ಮಿತವ್ಯಯ ಕಲೆಯಾಗಿ ಉಳಿಯದೆ ಮೇಲಿನವರ ಒತ್ತಡವಾದಾಗ, ಕೆಳಗಿನವನು ಕಲೆ ಕಲಿಯುವುದಿಲ್ಲ, ಉಪಾಯ ಹುಡುಕುತ್ತಾನೆ.

ಅಂತಹ ಉಪಾಯಗಳಲ್ಲಿ ಎಲ್ಲಕ್ಕಿಂತ ಜನಪ್ರಿಯವಾದದ್ದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು. ಇದರಲ್ಲಿ ಸತ್ಯವೇ ಇರಲಿಲ್ಲ ಎನ್ನಲಾಗದು. ಕಾರ್ಬುರೇಟರ್ ಇದ್ದ ಪೆಟ್ರೋಲ್ ಗಾಡಿಗಳಲ್ಲಿ ಚಕ್ರ ಎಂಜಿನ್ನನ್ನು ತಿರುಗಿಸುತ್ತಿದ್ದಾಗಲೂ ಅದು ಪೆಟ್ರೋಲ್ ಹೀರಿಕೊಳ್ಳುತ್ತಿತ್ತು. ಅಂಬಾಸಡರ್ ಓಡಿಸಿದ ತಲೆಮಾರು ಇದನ್ನು ಅನುಭವದಿಂದ ಕಂಡುಕೊಂಡಿತ್ತು. ಆದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದ ಮೇಲೆ ಮಾತು ತಿರುಗಿತು. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈ ಎಂಜಿನ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಆರಿಹೋಗದಿರಲೆಂದು ಇಂಧನ ಕುಡಿಯುತ್ತದೆ. ನಮ್ಮಲ್ಲಿ ತೊಂಬತ್ತರ ದಶಕದ ಕೊನೆಯಿಂದ ಕಾರುಗಳಿಗೆ, 2020ರ ಬಿಎಸ್-6 ನಿಯಮದೊಂದಿಗೆ ಬೈಕುಗಳಿಗೂ ಈ ವ್ಯವಸ್ಥೆ ವ್ಯಾಪಕವಾಗಿ ಬಂತು. ಗಾಡಿ ಬದಲಾಯಿತು, ನಂಬಿಕೆ ಬದಲಾಗಲಿಲ್ಲ.

ಈ ನಂಬಿಕೆ ನಮ್ಮ ಬಡವರದ್ದು ಮಾತ್ರ ಎಂದುಕೊಳ್ಳಬೇಕಿಲ್ಲ. 2008ರ ಜುಲೈಯಲ್ಲಿ ತೈಲದ ಬೆಲೆ 147 ಡಾಲರ್ ಮುಟ್ಟಿದಾಗ ಅಮೆರಿಕದಲ್ಲಿ 'ಹೈಪರ್‌ಮೈಲಿಂಗ್' ಎಂಬ ಮಾತು ಮನೆಮಾತಾಯಿತು. 2004ರಲ್ಲಿ ವೇಯ್ನ್ ಗರ್ಡೆಸ್ ಎಂಬವರು ಟಂಕಿಸಿದ ಈ ಪದದ ಕ್ರಿಯಾರೂಪವನ್ನು ಒಂದು ಪ್ರಸಿದ್ಧ ನಿಘಂಟು 2008ರ ವರ್ಷದ ಪದವೆಂದು ಆರಿಸಿತು. ದೂರದ ಸಿಗ್ನಲ್ ನೋಡಿ ಮೊದಲೇ ವೇಗ ತಗ್ಗಿಸುವುದು, ಬ್ರೇಕ್ ಒತ್ತುವ ಪ್ರಸಂಗವೇ ಬಾರದಂತೆ ಓಡಿಸುವುದು ಈ ವಿದ್ಯೆಯ ತಿರುಳು. ಆದರೆ ಪತ್ರಿಕೆಗಳ ಗಮನ ಸೆಳೆದದ್ದು ಟ್ರಕ್ಕಿನ ಬೆನ್ನಿಗೆ ಅಂಟಿಕೊಂಡು ಓಡುವ, ಓಡುವಾಗಲೇ ಎಂಜಿನ್ ಆರಿಸುವ ಕೆಲವರ ಸಾಹಸಗಳು. ಸಹನೆಯಲ್ಲಿ ಸುದ್ದಿ ಇಲ್ಲ, ಸಾಹಸದಲ್ಲಿ ಇದೆ. ಹೀಗಾಗಿ ನಿಧಾನವಾಗಿ ಹೋಗುವವನೆಂದರೆ ಒಂದೋ ಹುಚ್ಚ, ಇಲ್ಲವೇ ಹಿಂದಿನವರಿಗೆ ತೊಂದರೆ ಕೊಡುವವ ಎಂಬ ಅಭಿಪ್ರಾಯ ಅಲ್ಲೂ ಬಲವಾಯಿತು.

ಈಗ ಚಾಚಾರ ಕತೆಗೆ ಬರುತ್ತೇವೆ. ಒಂದು ಮಳೆಗಾಲದ ರಾತ್ರಿ ಎಂಜಿನ್ ಬಂದ್ ಮಾಡಿ ಘಾಟಿ ಇಳಿಯುತ್ತಿದ್ದಾಗ ಬ್ರೇಕ್ ಹಿಡಿಯಲಿಲ್ಲ. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಎಂಜಿನ್ನಿನಿಂದಲೇ. ಎಂಜಿನ್ ನಿಂತ ಮೇಲೆ ಟ್ಯಾಂಕಿನಲ್ಲಿ ಉಳಿದ ಗಾಳಿ ಒಂದೊಂದು ತಿರುವಿಗೂ ಖಾಲಿಯಾಗುತ್ತ ಬರುತ್ತದೆ. ಚಾಚಾ ಲಾರಿಯನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಬದಿಗೆ ತಿರುಗಿಸಿದರು. ಅವರು ಉಳಿದರು. ಹದಿನೇಳು ವರ್ಷದ ಕ್ಲೀನರ್ ಹುಡುಗ ಒಂದು ಕಾಲು ಕಳೆದುಕೊಂಡ. ಎಂಜಿನ್ ಆರಿಸು ಎಂದು ತಾನು ಯಾವತ್ತೂ ಹೇಳಿರಲಿಲ್ಲ ಎಂದ ಧಣಿ. ಅದು ಸುಳ್ಳಲ್ಲ. ಆತ ಹೇಳಿದ್ದು ಲೀಟರಿನ ಲೆಕ್ಕ ಮಾತ್ರ.

ನಮಗೆ ಇದಕ್ಕಿಂತ ನೋವು ಕೊಟ್ಟದ್ದು ಬಹಳ ವರ್ಷಗಳ ನಂತರ ಮೆಕ್ಯಾನಿಕ್ ಒಬ್ಬರು ಹೇಳಿದ ಮಾತು. ಆ ಕಾಲದ ಡೀಸೆಲ್ ಪಂಪಿನಲ್ಲಿ ಗವರ್ನರ್ ಎಂಬ ಭಾಗವೊಂದಿರುತ್ತದೆ. ಲಾರಿ ಗೇರಿನಲ್ಲಿದ್ದು ಇಳಿಜಾರಿನಲ್ಲಿ ತನ್ನಷ್ಟಕ್ಕೆ ಉರುಳುವಾಗ ಅದು ಡೀಸೆಲ್ಲನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಅಂದರೆ ಕಡಿದಾದ ಘಾಟಿಯಲ್ಲಿ ಚಾಚಾ ಗೇರಿನಲ್ಲೇ ಇಳಿದಿದ್ದರೂ ಡೀಸೆಲ್ ಹೆಚ್ಚೇನೂ ಸುಡುತ್ತಿರಲಿಲ್ಲ. ಎಂಜಿನ್ನೇ ಲಾರಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ನಮ್ಮ ಈದಿನ ಬಟ್ಟೆಯ ಡೀಸೆಲ್ ನಿಜವಾಗಿ ಉಳಿದದ್ದು ಬಹುಶಃ ಬಯಲುಸೀಮೆಯ ನೇರ ರಸ್ತೆಯಲ್ಲಿ, ಅವರು ಅವಸರವಿಲ್ಲದೆ ಓಡಿಸುತ್ತಿದ್ದುದರಿಂದ. ಅದನ್ನು ನಾವು ಶಾಲೆಯಲ್ಲಿ ಯಾರ ಮುಂದೆಯೂ ಹೊಗಳಿರಲಿಲ್ಲ.

ಕೈಯನ್ನು ಕುತ್ತಿಗೆಗೆ ಬಿಗಿದುಕೊಳ್ಳುವುದೂ ಬೇಡ, ಪೂರ್ತಿ ಚಾಚುವುದೂ ಬೇಡ ಎಂಬ ನಡುವಿನ ದಾರಿಯನ್ನು ಕುರ್‌ಆನ್ ತೋರಿಸುತ್ತದೆ. ಇಸ್ರಾಫ್, ಅಂದರೆ ದುಂದು, ನೀರಿನ ವಿಷಯದಲ್ಲೂ ತಪ್ಪು ಎಂದು ವುಝೂ ಮಾಡುವಾಗ ನಲ್ಲಿ ತಿರುಗಿಸಿ ನಿಲ್ಲಿಸುತ್ತೇವೆ. ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶದಲ್ಲಿ, ಮಸೀದಿಯ ಹೊರಗೆ ಗಾಡಿಯ ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಅದೂ ಇಸ್ರಾಫ್ ಎಂದು ನಮಗೆ ತೋಚುವುದಿಲ್ಲ. ಆದರೆ ಮಿತವ್ಯಯದ ಹೆಸರಿನಲ್ಲಿ ಪಕ್ಕದಲ್ಲಿ ಕೂತವನ ಪ್ರಾಣವನ್ನು ಪಣಕ್ಕಿಟ್ಟರೆ ಅದು ಕಿಫಾಯತ್ ಆಗಲಾರದು. ಆ ಪ್ರಾಣ ಅಮಾನತ್. ಇಂಧನ ಉಳಿಸುವ ವಿದ್ಯೆಯಲ್ಲಿ ಗುಟ್ಟು ಏನೂ ಇಲ್ಲ. ಮುಂದೆ ನೋಡುವುದು, ಅವಸರ ಬಿಡುವುದು, ಅಂದರೆ ಸಬ್ರ್. ಅಪಘಾತ ತಪ್ಪಿಸುವ ವಿದ್ಯೆಯೂ ಅದೇ.

ಚಾಚಾ ಎರಡು ವರ್ಷದ ನಂತರ ಮತ್ತೆ ಲಾರಿ ಹತ್ತಿದರು. ತಿಂಗಳ ದುಡ್ಡಿನಲ್ಲಿ ಸ್ವಲ್ಪ ಆ ಹುಡುಗನ ಮನೆಗೆ ಹೋಗುತ್ತಿತ್ತು ಎಂದು ಅವರ ಇಂತಕಾಲ್ ಆದ ಮೇಲೆ ಚಾಚಿ ಹೇಳಿದರು. ಹೊಸ ಡ್ರೈವರುಗಳು ಮೈಲೇಜಿನ ಗುಟ್ಟು ಕೇಳಿದರೆ ಅವರದು ಒಂದೇ ಉತ್ತರ: "ಯಾವ ಗೇರಿನಲ್ಲಿ ಹತ್ತಿದ್ದೀಯೋ ಅದೇ ಗೇರಿನಲ್ಲಿ ಇಳಿ, ಬೇಟಾ."