ತಂದೆಯ ಹೆಸರಿನ ಕಾಲಂ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಗಂಡು ಮಗನಿಲ್ಲದ ಎಷ್ಟೋ ಬಡ ದಲಿತ ಮನೆಗಳು ಒಬ್ಬ ಮಗಳನ್ನು ಯಲ್ಲಮ್ಮನಿಗೆ ಬಿಡುತ್ತಿದ್ದವು. ತಲೆಗೂದಲು ಜಡೆಗಟ್ಟಿದರೂ, ಮನೆಯಲ್ಲಿ ಬೇನೆ ಬಿದ್ದರೂ ದೇವಿ ಕೇಳುತ್ತಿದ್ದಾಳೆಂದೇ ಅರ್ಥ. ಸವದತ್ತಿ ಗುಡ್ಡದಲ್ಲೋ ಅಥಣಿ ತಾಲೂಕಿನ ಕೊಕಟನೂರದಲ್ಲೋ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯಿಲ್ಲ. ತವರಲ್ಲೇ ಉಳಿದು ಮಗನಂತೆ ತಂದೆತಾಯಿಯನ್ನು ಸಾಕಬೇಕು. ಯಾವ ದುಡಿಮೆಯಿಂದ? ಊರಿನ ಉಳ್ಳವನೊಬ್ಬ ಇಟ್ಟುಕೊಳ್ಳುತ್ತಿದ್ದ, ಬೇಸರವಾದಾಗ ಕೈಬಿಡುತ್ತಿದ್ದ. ಇದಕ್ಕೆಲ್ಲ ಭಕ್ತಿಯ ಹೆಸರು!

ಕಾನೂನು ಇರಲಿಲ್ಲವೆಂದಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಒಂದು ಕಾಯಿದೆ ಬಂದಿತ್ತು. ಕರ್ನಾಟಕದ 1982ರ ಕಾಯಿದೆ 1984ರಲ್ಲಿ ಜಾರಿಯಾಯಿತು. ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ, ಹೆತ್ತವರೇ ಕಟ್ಟಿಸಿದರೆ 2ರಿಂದ 5 ವರ್ಷ ಸೆರೆವಾಸ. ಇಟ್ಟುಕೊಂಡವನಿಗೆಂದು ಬೇರೆ ಶಿಕ್ಷೆ ಮಾತ್ರ ಇರಲಿಲ್ಲ.

ಬದಲಾವಣೆ ತಂದದ್ದು ಆ ಹೆಂಗಸರೇ. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಏಳನೆಯ ವಯಸ್ಸಿಗೇ ಮುತ್ತು ಕಟ್ಟಿದ್ದರು. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಸೀತವ್ವ ಅದರ ಮುಂದಾಳಾದರು. 2018ರಲ್ಲಿ ಪದ್ಮಶ್ರೀ ಬಂತು. ಅಧಿಕಾರಿಯ ಭಾಷಣಕ್ಕೆ ಅಲ್ಲಾಡದ ತಾಯಿ, ತಾನೇ ಮುತ್ತು ಹೊತ್ತವಳು ಎದುರು ಕೂತು ಹೇಳಿದರೆ ಕಿವಿಗೊಡುತ್ತಾಳೆ. ಇದು ಯಾವ ಪುಸ್ತಕವೂ ಕಲಿಸದ ಸಮಾಜಕಾರ್ಯ.

ಸರಕಾರದ ಲೆಕ್ಕ ಬೇರೆ. 1993-94ರ ಸಮೀಕ್ಷೆಯಲ್ಲಿ ಸಿಕ್ಕವರು 22,873. 2007-08ರದೂ ಕೂಡಿ 46,660. ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲ. ಎಣಿಸುವ ದಿನ ಕಬ್ಬು ಕಡಿಯಲು ಊರು ಬಿಟ್ಟು ಹೋದವಳ ಗತಿಯೇನು?

ನಾನು ಶಾಲೆಯಲ್ಲಿ ದಾಖಲಾತಿ ಬರೆದವಳು. ತಂದೆಯ ಹೆಸರಿನ ಕಾಲಂ ಬಂದಾಗ ಕೆಲವು ತಾಯಂದಿರ ದನಿ ಇಳಿಯುತ್ತಿತ್ತು. ಒಬ್ಬಳು ಅಣ್ಣನ ಹೆಸರು ಬರೆಸುವಳು, ಇನ್ನೊಬ್ಬಳು ತನ್ನ ಅಪ್ಪನದೇ. ಮುತ್ತು ಕಟ್ಟಿದ್ದು ತಾಯಿಗೆ, ದಂಡ ತೆತ್ತದ್ದು ಮಗು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಮೊದಲ ಬಾರಿಗೆ ಈ ಕಾಲಮ್ಮನ್ನು ಮುಟ್ಟಿದೆ: ತಂದೆಯ ಹೆಸರು ಕಡ್ಡಾಯವಲ್ಲ; ಬೇಕೆಂದರೆ ತಂದೆ ಯಾರೆಂದು ಗೊತ್ತುಪಡಿಸಿಕೊಂಡು ಆಸ್ತಿಯಲ್ಲಿ ಪಾಲು ಕೇಳಬಹುದು.

ನನಗೆ ಸಂತೋಷವೂ ಇದೆ, ಅಳುಕೂ ಇದೆ. ಆ ತಾಯಂದಿರು ಈಗ ಅಜ್ಜಿಯರು. ಪಾಲು ಕೇಳಬೇಕಾದ ಹೊಲ ಅದೇ ಊರಿನಲ್ಲಿದೆ. ಕೇಳಬೇಕಾದವರು ಎಷ್ಟೋ ಕಡೆ ಆ ಹೊಲಕ್ಕೇ ಕೂಲಿಗೆ ಹೋಗುವವರು.